ಗಂಟಲ ಗಡ್ಡೆ ಇಳಿಯದಿದ್ದರೆ: ಎಚ್‌ಪಿವಿ ಭಯಕ್ಕೂ ಮೊದಲು ಮಾಡಬೇಕಾದ್ದು

ಟಾನ್ಸಿಲ್ ಊದಿಕೊಂಡು ತಿಂಗಳಾದರೂ ಇಳಿಯದಿದ್ದಾಗ ಬೆಳಗಾವಿಯ ಹಾಸ್ಟೆಲಿನಲ್ಲಿರುವ ಹುಡುಗ ರಾತ್ರಿಯೆಲ್ಲ ಮೊಬೈಲ್ ತಡಕುತ್ತಾನೆ. ಖಾನಾಪುರದ ಹಳ್ಳಿಯ ರೈತ ಮೆಡಿಕಲ್ ಅಂಗಡಿಯಿಂದ ಮೂರು ದಿನದ ಗುಳಿಗೆ ತಂದು ನುಂಗುತ್ತಾನೆ. ಹುಡುಗನಿಗೆ ಸಿಗುವುದು ‘ಎಚ್‌ಪಿವಿ’, ‘ಗಂಟಲ ಕ್ಯಾನ್ಸರ್’ ಎಂಬ ಪದಗಳು. ರೈತನಿಗೆ ಸಿಗುವುದು ನಾಲ್ಕು ದಿನದ ಆರಾಮ, ಆಮೇಲೆ ಮತ್ತದೇ ನೋವು. ಇಬ್ಬರ ಗಂಟಲನ್ನೂ ಇನ್ನೂ ಯಾರೂ ಸರಿಯಾಗಿ ನೋಡಿಲ್ಲ.

ಎಚ್‌ಪಿವಿ ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಅದರ ಸೋಂಕು ಸಾಮಾನ್ಯವಾಗಿ ಗಂಟಲು ನೋವು, ಜ್ವರ, ಎರಡೂ ಬದಿಯ ಟಾನ್ಸಿಲ್ ಊತ ತರುವುದಿಲ್ಲ. ಬಾಯಿಗೆ ಆ ವೈರಸ್ ತಗಲಿದ ಬಹುತೇಕರಿಗೆ ಅದು ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನು ತೊಲಗಿಸುತ್ತದೆ. ಹಾಗೆಂದು ಇಳಿಯದ ಗಡ್ಡೆಯನ್ನು ಹಾಗೇ ಬಿಡುವಂತಿಲ್ಲ. ‘ನನಗೆ ಎಚ್‌ಪಿವಿ ಇದೆಯೇ’ ಎಂದು ಕೇಳುವ ಮೊದಲು ಕೇಳಬೇಕಾದದ್ದು ಇಷ್ಟು: ಊತ ಎಷ್ಟು ದಿನದಿಂದ ಇದೆ? ಒಂದೇ ಬದಿಗೋ, ಎರಡೂ ಬದಿಗೋ?

ಇಂದೇ ಹೊರಡಬೇಕಾದ ಸಂದರ್ಭ

ಉಸಿರಾಡಲು ಕಷ್ಟ, ಸ್ವಂತ ಜೊಲ್ಲನ್ನೂ ನುಂಗಲಾಗದಿರುವುದು, ಬಾಯಿ ತೆರೆಯಲಾಗದಷ್ಟು ದವಡೆ ಬಿಗಿತ, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರಂತೆ ಧ್ವನಿ ಬದಲಾಗುವುದು: ಇವು ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿದ ಲಕ್ಷಣಗಳಾಗಿರಬಹುದು. 108ಕ್ಕೆ ಕರೆ ಮಾಡಿ. ಟಾನ್ಸಿಲ್ ಮೇಲೆ ಬೂದು ಬಣ್ಣದ ದಪ್ಪ ಪೊರೆ ಕಟ್ಟಿ, ಕುತ್ತಿಗೆ ಊದಿದ್ದರೆ ಅದು ಗಂಟಲಮಾರಿ, ಅಂದರೆ ಡಿಫ್ತೀರಿಯಾ ಆಗಿರಬಹುದು. ಲಸಿಕೆ ತಪ್ಪಿದ ಮಕ್ಕಳಲ್ಲಿ ಈ ಕಾಯಿಲೆ ಇಂದಿಗೂ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಬರೀ ಗುಳಿಗೆ ಸಾಲದು, ವಿಷನಿರೋಧಕ ಔಷಧ ಬೇಕು, ಅದೂ ತಡವಾಗದಂತೆ ಬೇಕು.

ಕನ್ನಡಿ ಮುಂದೆ ಐದು ನಿಮಿಷ

ಹಗಲು ಬೆಳಕಿನಲ್ಲಿ ಅಥವಾ ಟಾರ್ಚ್ ಹಿಡಿದು ಬಾಯಿ ಅಗಲಿಸಿ ‘ಆ’ ಎನ್ನಿ. ಕಿರುನಾಲಿಗೆಯ ಎಡಬಲಕ್ಕೆ ಇರುವ ಎರಡು ಉಂಡೆಗಳೇ ಟಾನ್ಸಿಲ್. ಮೂರರಿಂದ ಏಳು ವರ್ಷದ ಮಕ್ಕಳಲ್ಲಿ ಅವು ದೊಡ್ಡದಾಗಿರುವುದು ಸಹಜ; ಹದಿಹರೆಯ ದಾಟುವ ಹೊತ್ತಿಗೆ ಕುಗ್ಗುತ್ತವೆ. ನೋಡಬೇಕಾದದ್ದು ಮೂರು ಸಂಗತಿ. ಎರಡೂ ಬದಿ ಸರಿಸಮ ಇವೆಯೇ? ಹುಣ್ಣು, ರಕ್ತ ಕಾಣುತ್ತದೆಯೇ? ದವಡೆ ಕೆಳಗೆ, ಕುತ್ತಿಗೆ ಪಕ್ಕಕ್ಕೆ ಬೆರಳಿಟ್ಟು ಒತ್ತಿದರೆ ಗಟ್ಟಿ ಗಂಟು ಸಿಗುತ್ತದೆಯೇ?

ಮೊಬೈಲ್ ಟಾರ್ಚಿನಲ್ಲಿ ಕಂಡು ಜನ ಹೆದರುವ ಹಲವು ಸಂಗತಿಗಳು ಕಾಯಿಲೆಯೇ ಅಲ್ಲ. ನಾಲಿಗೆಯ ಹಿಂಭಾಗದಲ್ಲಿ ಸಾಲಾಗಿ ಕಾಣುವ ದುಂಡು ಬೊಕ್ಕೆಗಳು ಎಲ್ಲರಿಗೂ ಇವೆ, ಅವು ರುಚಿಯ ಅಂಗಗಳು. ಗಂಟಲಿನ ಹಿಂಗೋಡೆಯ ಮೇಲಿನ ಕೆಂಪು ಗುಳ್ಳೆಗಳು ನೆಗಡಿ, ಅಲರ್ಜಿ, ಹೊಟ್ಟೆಯ ಆಮ್ಲ ಮೇಲೇರುವುದರಿಂದ ಉಬ್ಬಿರುತ್ತವೆ. ಟಾನ್ಸಿಲ್ ಗುಳಿಗಳಿಂದ ಬರುವ, ನಾತ ಬಡಿಯುವ ಬಿಳಿ ಹರಳು ಅನ್ನದ ಕಣ ಮತ್ತು ಬ್ಯಾಕ್ಟೀರಿಯಾ ಸೇರಿ ಗಟ್ಟಿಯಾದದ್ದು. ಒಮ್ಮೆ ನೋಡಿ, ಬರೆದಿಟ್ಟುಕೊಳ್ಳಿ. ದಿನಕ್ಕೆ ಹತ್ತು ಸಲ ಬೆರಳು ಹಾಕಿ ಮುಟ್ಟಿದರೆ ಊತ ಹೆಚ್ಚುತ್ತದೆ, ಭಯವೂ ಹೆಚ್ಚುತ್ತದೆ.

ಚೀಟಿಯಲ್ಲಿ ಬರೆದುಕೊಂಡು ಹೋಗಿ

ಒಪಿಡಿಯಲ್ಲಿ ವೈದ್ಯರು ಸಿಗುವುದು ಕೆಲವೇ ನಿಮಿಷ. ಊತ ಶುರುವಾದ ದಿನ, ಜ್ವರ ಬಂದಿತ್ತೇ, ಈ ವರ್ಷ ಎಷ್ಟು ಸಲ ಗಂಟಲು ಕೆಟ್ಟಿತು, ಯಾವ ಗುಳಿಗೆ ಎಷ್ಟು ದಿನ ತೆಗೆದುಕೊಂಡಿರಿ, ತೂಕ ಇಳಿದಿದೆಯೇ, ಒಂದೇ ಕಿವಿ ನೋಯುತ್ತದೆಯೇ ಎಂಬುದನ್ನು ಬರೆದಿಡಿ. ಗುಳಿಗೆಯ ಖಾಲಿ ಪಟ್ಟಿಯನ್ನೂ ಒಯ್ಯಿರಿ. ತಂಬಾಕು, ಗುಟ್ಖಾ, ಮಾವಾ, ಬೀಡಿ, ಸಾರಾಯಿ ಯಾವುದಿದ್ದರೂ ಮುಚ್ಚಿಡಬೇಡಿ. ಹಲ್ಲಿಗೆ ಮಿಶ್ರಿ ತಿಕ್ಕುವ ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳು ಅದನ್ನು ತಂಬಾಕು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ; ಅದೂ ಸುಟ್ಟ ತಂಬಾಕೇ.

ಮೊದಲ ಮೂರು ವಾರ

ಕೆಮ್ಮು, ಮೂಗು ಸೋರುವುದು, ಧ್ವನಿ ಒಡೆದಿರುವುದು ಇದ್ದರೆ ಹೆಚ್ಚಾಗಿ ಅದು ವೈರಸ್ ಕಾಟ. ಆಂಟಿಬಯಾಟಿಕ್ ಅದಕ್ಕೆ ನಾಟುವುದಿಲ್ಲ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು, ಜ್ವರಕ್ಕೆ ಪ್ಯಾರಾಸಿಟಮಾಲ್, ಸಾಕಷ್ಟು ನೀರು ಸಾಕು. ಕೆಮ್ಮಿಲ್ಲದೆ ಜೋರು ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವು, ಕುತ್ತಿಗೆಯ ಮುಂಭಾಗದಲ್ಲಿ ನೋಯುವ ಗಂಟು ಇದ್ದರೆ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೆ ಪೆನಿಸಿಲಿನ್ ಜಾತಿಯ ಔಷಧವನ್ನು ಸಾಮಾನ್ಯವಾಗಿ ಹತ್ತು ದಿನ ಪೂರ್ತಿ ತೆಗೆದುಕೊಳ್ಳಬೇಕು. ಮೂರನೇ ದಿನಕ್ಕೆ ಆರಾಮಾಯಿತೆಂದು ಬಿಟ್ಟರೆ ಸೋಂಕು ಉಳಿದುಕೊಳ್ಳುತ್ತದೆ. ಮಕ್ಕಳಲ್ಲಿ ಇದೇ ಮುಂದೆ ಸಂಧಿವಾತ ಜ್ವರವಾಗಿ ಹೃದಯದ ಕವಾಟಕ್ಕೆ ಹೋಗಬಹುದು. ಗಂಟಲಿನಿಂದ ಹೃದಯಕ್ಕೆ ಇರುವ ಈ ದಾರಿ ಎಚ್‌ಪಿವಿಗಿಂತ ನಮ್ಮ ಹಳ್ಳಿಯ ಮಕ್ಕಳಿಗೆ ಹತ್ತಿರದ ಅಪಾಯ. ಅದನ್ನು ತಡೆಯುವುದು ಹತ್ತು ದಿನದ ಅಗ್ಗದ ಗುಳಿಗೆ.

ಕಾಲೇಜು ವಯಸ್ಸಿನವರಲ್ಲಿ ವಾರಗಟ್ಟಲೆ ಇಳಿಯದ ಊತಕ್ಕೆ ಇನ್ನೊಂದು ಸಾಮಾನ್ಯ ಕಾರಣ ಎಪ್‌ಸ್ಟೀನ್-ಬಾರ್ ವೈರಸ್. ಎರಡೂ ಬದಿ ದೊಡ್ಡ ಊತ, ಕುತ್ತಿಗೆಯ ಹಿಂಬದಿಯಲ್ಲೂ ಗಂಟು, ಎದ್ದೇಳಲಾಗದ ಸುಸ್ತು. ಇದರಲ್ಲಿ ಅಮಾಕ್ಸಿಸಿಲಿನ್ ನುಂಗಿದರೆ ಮೈತುಂಬ ದದ್ದು ಏಳಬಹುದು. ಗುಲ್ಮವೂ ಹಿಗ್ಗಿರಬಹುದು, ಹೊಟ್ಟೆಗೆ ಏಟು ಬಿದ್ದರೆ ಅದು ಒಡೆಯುವ ಅಪಾಯ. ಆದ್ದರಿಂದ ತಾಲೀಮಿಗೆ ಹೋಗುವ, ಸೇನಾ ಭರ್ತಿಗೆ ಓಡುತ್ತಿರುವ ಹುಡುಗರು ಕನಿಷ್ಠ ಮೂರು ವಾರ ಕುಸ್ತಿ, ಕಬಡ್ಡಿ, ಭಾರ ಎತ್ತುವುದನ್ನು ನಿಲ್ಲಿಸಿ, ವೈದ್ಯರು ಹೇಳಿದ ಮೇಲೆ ಮರಳಬೇಕು.

ಮನೆಮದ್ದೆಂದು ಕುತ್ತಿಗೆಗೆ ಸುಣ್ಣ ಬಳಿದರೆ ಚರ್ಮ ಸುಡಬಹುದೇ ಹೊರತು ಗಡ್ಡೆ ಕರಗದು. ಯಾರಿಂದಲೂ ಬೆರಳು ಹಾಕಿಸಿ ಗಡ್ಡೆ ಒತ್ತಿಸಿಕೊಳ್ಳಬೇಡಿ.

ಮೂರು ವಾರ ದಾಟಿದರೆ

ಇಲ್ಲಿಂದ ಮುಂದೆ ಕಿವಿ-ಮೂಗು-ಗಂಟಲು ವೈದ್ಯರೇ ನೋಡಬೇಕು. ದೊಡ್ಡವರಲ್ಲಿ ಒಂದೇ ಬದಿಯ ಟಾನ್ಸಿಲ್ ಹೊಸದಾಗಿ ದಪ್ಪಗಾಗಿದ್ದರೆ, ನೋವಿಲ್ಲದ ಗಂಟು ಕುತ್ತಿಗೆಯಲ್ಲಿ ಕುಳಿತಿದ್ದರೆ, ನುಂಗುವಾಗ ಒಂದೇ ಕಡೆ ಸಿಕ್ಕಿದಂತಾದರೆ, ಉಗುಳಿನಲ್ಲಿ ರಕ್ತ ಬಂದರೆ, ಗಂಟಲು ಚೆನ್ನಾಗಿದ್ದೂ ಒಂದು ಕಿವಿ ನೋಯುತ್ತಿದ್ದರೆ ಮೂರು ವಾರವೂ ಕಾಯಬೇಡಿ. ಇವೆಲ್ಲ ಕ್ಯಾನ್ಸರ್ ಎಂದರ್ಥವಲ್ಲ. ಟಾನ್ಸಿಲ್ ಒಂದು ಬದಿಗೆ ಮುಂದೆ ಚಾಚಿದ್ದರೂ ದೊಡ್ಡದಾಗಿ ಕಾಣುತ್ತದೆ. ಆದರೆ ಇದನ್ನು ತೀರ್ಮಾನಿಸಬೇಕಾದವರು ವೈದ್ಯರು.

ಖಾನಾಪುರದವರು ತಾಲೂಕು ಆಸ್ಪತ್ರೆಯಿಂದ ಶುರು ಮಾಡುವುದು ಒಳ್ಳೆಯದು. ಅಲ್ಲಿಂದ ಶಿಫಾರಸು ಚೀಟಿ ಪಡೆದು ಸುಮಾರು 26 ಕಿ.ಮೀ. ದೂರದ ಬೆಳಗಾವಿಗೆ ಬಂದರೆ, ಜನ ಇಂದಿಗೂ ಸಿವಿಲ್ ಆಸ್ಪತ್ರೆ ಎಂದೇ ಕರೆಯುವ ಬಿಮ್ಸ್ ಜಿಲ್ಲಾ ಆಸ್ಪತ್ರೆ ಇದೆ; ನೆಹರೂ ನಗರದಲ್ಲಿ ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕಾಗುವುದರಿಂದ ಆ ಚೀಟಿಯನ್ನು ಕಳೆದುಕೊಳ್ಳಬೇಡಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರನ್ನು ಮೊದಲ ದಿನವೇ ಭೇಟಿ ಮಾಡಿ. ಆಮಗಾಂವ, ಗವಾಳಿಯಂಥ ಕಾಡಂಚಿನ ಊರುಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ತರಬೇಕಾದ ಸ್ಥಿತಿ ಇದೆ. ಅಲ್ಲಿಯವರು ಇಳಿಯದ ಗಡ್ಡೆಯನ್ನು ಜೂನ್‌ಗೆ ಮುಂಚೆಯೇ ತೋರಿಸಿಕೊಂಡು ಬರಬೇಕು. ರಸ್ತೆ ಆಗುವವರೆಗೆ ಬೇರೆ ದಾರಿ ಕಾಣುವುದಿಲ್ಲ, ಇದನ್ನು ಬರೆಯುವಾಗ ಸಂಕಟವಾಗುತ್ತದೆ.

ವೈದ್ಯರು ಏನು ಮಾಡಬಹುದು

ಬಾಯೊಳಗೆ ನೋಡುವುದಷ್ಟೇ ಅಲ್ಲ, ಕೈಗವಸು ತೊಟ್ಟು ಟಾನ್ಸಿಲನ್ನೂ ನಾಲಿಗೆಯ ಬುಡವನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಎಚ್‌ಪಿವಿ ಸಂಬಂಧಿ ಕ್ಯಾನ್ಸರ್ ಟಾನ್ಸಿಲಿನ ಗುಳಿಗಳ ಆಳದಲ್ಲಿ ಹುಟ್ಟುವುದರಿಂದ ಮೇಲ್ಮೈ ನುಣುಪಾಗಿಯೇ ಕಾಣಬಹುದು. ಅವಶ್ಯವಿದ್ದರೆ ಎಂಡೋಸ್ಕೋಪಿ, ರಕ್ತ ಪರೀಕ್ಷೆ, ಕುತ್ತಿಗೆಯ ಸ್ಕ್ಯಾನ್, ಗಂಟಿಗೆ ಸೂಜಿ ಹಾಕಿ ಕೋಶ ತೆಗೆಯುವ ಎಫ್‌ಎನ್‌ಎಸಿ ಮಾಡುತ್ತಾರೆ.

ಕುತ್ತಿಗೆಯ ಗಂಟಿನ ವಿಷಯದಲ್ಲಿ ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಟಿಬಿ ಇರುವುದು ನಿಜ, ಗಂಟು ಟಿಬಿಯದೂ ಆಗಿರಬಹುದು. ಆದರೆ ಪರೀಕ್ಷೆ ಇಲ್ಲದೆ ಆರು ತಿಂಗಳ ಟಿಬಿ ಗುಳಿಗೆ ಶುರು ಮಾಡಿದರೆ, ಅದು ಟಾನ್ಸಿಲ್ ಕ್ಯಾನ್ಸರಿನಿಂದ ಬಂದ ಗಂಟಾಗಿದ್ದಲ್ಲಿ ಅರ್ಧ ವರ್ಷ ಕೈತಪ್ಪುತ್ತದೆ. ‘ಸೂಜಿ ಹಾಕಿ ನೋಡಿದ್ದೀರಾ ಡಾಕ್ಟ್ರೆ?’ ಎಂದು ಕೇಳುವುದು ಉದ್ಧಟತನವಲ್ಲ.

ಸಂಶಯ ಉಳಿದರೆ ತುಣುಕು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ, ಇಲ್ಲವೇ ಆ ಟಾನ್ಸಿಲನ್ನೇ ತೆಗೆಯುತ್ತಾರೆ. ಎಚ್‌ಪಿವಿ ಪ್ರಶ್ನೆಗೆ ನಿಜವಾದ ಅರ್ಥ ಬರುವುದು ಇಲ್ಲಿ. ಕ್ಯಾನ್ಸರ್ ಪತ್ತೆಯಾದ ತುಣುಕಿನ ಮೇಲೆ ಪಿ16 ಎಂಬ ಪರೀಕ್ಷೆ ಮಾಡಿ ಅದು ಎಚ್‌ಪಿವಿ ಸಂಬಂಧಿಯೇ ಎಂದು ನೋಡುತ್ತಾರೆ. ಅಂಥದ್ದಾದರೆ ತಂಬಾಕಿನಿಂದ ಬಂದ ಕ್ಯಾನ್ಸರಿಗಿಂತ ಗುಣವಾಗುವ ಭರವಸೆ ಹೆಚ್ಚು. ಕ್ಯಾನ್ಸರ್ ಚಿಕಿತ್ಸೆಗೆ ಬೆಳಗಾವಿಯಲ್ಲೇ, 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಇದೆ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಸಂಸ್ಥೆ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯೂ ಇವೆ.

ಪದೇ ಪದೇ ಬರುವ ಟಾನ್ಸಿಲ್ ಉರಿಯೂತಕ್ಕೆ ಶಸ್ತ್ರಚಿಕಿತ್ಸೆಯ ಲೆಕ್ಕ ಬೇರೆ: ಒಂದು ವರ್ಷದಲ್ಲಿ ಏಳು ಸಲ, ಅಥವಾ ಎರಡು ವರ್ಷ ಸತತವಾಗಿ ವರ್ಷಕ್ಕೆ ಐದು ಸಲ, ಅಥವಾ ಮೂರು ವರ್ಷ ವರ್ಷಕ್ಕೆ ಮೂರು ಸಲ ಬಂದಿದ್ದರೆ ಯೋಚಿಸುತ್ತಾರೆ.

ಎಚ್‌ಪಿವಿ ಟೆಸ್ಟ್ ಮಾಡಿಸಬೇಕೇ?

ಬೇಡ. ಲಕ್ಷಣ ಇಲ್ಲದವರ ಬಾಯಲ್ಲಿ ಎಚ್‌ಪಿವಿ ಹುಡುಕಲು ಶಿಫಾರಸಾದ ಪರೀಕ್ಷೆ ಯಾವುದೂ ಇಲ್ಲ. ಬಾಯಿ ಮುಕ್ಕಳಿಸಿದ ನೀರಿನಲ್ಲಿ ವೈರಸ್ ಸಿಕ್ಕರೂ ಅದು ಉಳಿಯುತ್ತದೋ ಹೋಗುತ್ತದೋ ಹೇಳಲಾಗದು, ಹೋಗಲಾಡಿಸುವ ಔಷಧವೂ ಇಲ್ಲ. ಆ ದುಡ್ಡನ್ನು ವೈದ್ಯರ ಭೇಟಿಗೆ ಇಟ್ಟುಕೊಳ್ಳಿ.

ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಗಂಟಲ ಕ್ಯಾನ್ಸರಿಗೆ ಮುಖ್ಯ ಕಾರಣ 16ನೆಯ ಬಗೆ. 6 ಮತ್ತು 11 ನರುಳ್ಳೆಯಂಥ ಸಾಧು ಗಂಟು ತರುತ್ತವೆ. ಬಾಯಿಗೆ ಇದು ಹರಡುವುದು ಮುಖ್ಯವಾಗಿ ಮುಖಮೈಥುನದಿಂದ. ಒಂದೇ ತಟ್ಟೆಯಲ್ಲಿ ಉಂಡದ್ದಕ್ಕೆ, ಲೋಟ ಹಂಚಿಕೊಂಡದ್ದಕ್ಕೆ ಹೆದರಬೇಕಿಲ್ಲ. ಸೋಂಕು ತಗಲಿ ಕ್ಯಾನ್ಸರ್ ಆಗಲು, ಆಗುವುದಾದರೆ, ಸಾಮಾನ್ಯವಾಗಿ ದಶಕಗಳೇ ಬೇಕು. ಹಾಗಾಗಿ ಇಂದು ಸಿಕ್ಕ ಸೋಂಕು ಇಂದಿನ ಸಂಬಂಧದ ಸಾಕ್ಷಿಯಲ್ಲ. ಇದನ್ನು ಹಿಡಿದು ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಶಂಕಿಸುವುದು ಅನ್ಯಾಯ.

ಲೈಂಗಿಕ ಸಂಪರ್ಕದ ಬಗ್ಗೆ ಆತಂಕವಿದ್ದರೆ ಮಾಡಿಸಲೇಬೇಕಾದ ಪರೀಕ್ಷೆ ಎಚ್‌ಐವಿಯದು. ಎಚ್‌ಐವಿ ಸೋಂಕಿನಲ್ಲೂ ಗಂಟುಗಳು ಬಹುಕಾಲ ಊದುತ್ತವೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಆ ಪರೀಕ್ಷೆ ಉಚಿತ, 2017ರ ಎಚ್‌ಐವಿ ಕಾಯ್ದೆಯಂತೆ ಗೋಪ್ಯ. ಸಹಾಯವಾಣಿ 1097. ಭಯದಿಂದ ನಿದ್ದೆಯೇ ಬಾರದಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ.

ಅಮೆರಿಕದಲ್ಲಿ ಗಂಟಲ ಮಧ್ಯಭಾಗದ ಕ್ಯಾನ್ಸರುಗಳಲ್ಲಿ ಸುಮಾರು ಶೇ 70 ಎಚ್‌ಪಿವಿಯಿಂದ ಬಂದವು. ಮೊಬೈಲಿನಲ್ಲಿ ಸಿಗುವ ಮಾಹಿತಿ ಹೆಚ್ಚಾಗಿ ಅಲ್ಲಿಯದು. ನಿಪ್ಪಾಣಿಯ ತಂಬಾಕು ಬೆಳೆದ ಈ ಜಿಲ್ಲೆಯಲ್ಲಿ ಬಾಯಿ-ಗಂಟಲಿನ ದೊಡ್ಡ ಶತ್ರು ಈಗಲೂ ತಂಬಾಕು ಮತ್ತು ಅಡಿಕೆ. ಎಚ್‌ಪಿವಿ ಭಯದಲ್ಲಿ ರಾತ್ರಿ ನಿದ್ದೆಗೆಟ್ಟು ಬೆಳಿಗ್ಗೆ ಮಾವಾ ತಿಕ್ಕುವವರು ಮೊದಲು ಬಿಡಬೇಕಾದದ್ದು ಮಾವಾ. ಬಿಡಲು ನೆರವು: 1800-11-2356, ಉಚಿತ.

ಲಸಿಕೆಯ ಮಾತು

ಎಚ್‌ಪಿವಿ ಲಸಿಕೆ ಊದಿದ ಟಾನ್ಸಿಲಿಗೆ ಔಷಧವಲ್ಲ, ಈಗಾಗಲೇ ಇರುವ ಸೋಂಕನ್ನೂ ತೆಗೆಯದು. ಮುಂದೆ ತಗಲದಂತೆ ಕಾಯುತ್ತದೆ. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ‘ಸರ್ವಾವ್ಯಾಕ್’ಗೆ 2022ರಲ್ಲಿ ಅನುಮತಿ ಸಿಕ್ಕಿತು. ಅದರಲ್ಲಿ 6, 11, 16, 18 ಬಗೆಗಳ ರಕ್ಷಣೆ ಇದೆ. 9ರಿಂದ 14 ವರ್ಷದೊಳಗೆ ಎರಡು ಡೋಸ್, 15ರಿಂದ 26ರವರೆಗೆ ಮೂರು. ಗರ್ಭಕಂಠದ ಕ್ಯಾನ್ಸರ್ ನೆನೆದು ಮಗಳಿಗೆ ಹಾಕಿಸುವ ತಂದೆತಾಯಿ, ಗಂಡುಮಕ್ಕಳಿಗೂ ಇದಕ್ಕೆ ಅನುಮತಿ ಇದೆ ಎಂಬುದನ್ನು ಮಕ್ಕಳ ವೈದ್ಯರಲ್ಲಿ ಕೇಳಿ ತಿಳಿಯಲಿ. ಗಂಟಲಿನ ಎಚ್‌ಪಿವಿ ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ಗಂಡಸರಲ್ಲಿ.