ಮತ್ತಿಮರದ ಪತಂಗ

ಬಂಟ್ವಾಳದಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಮೂಡುಬಿದಿರೆಗೆ ಸಾಗುವ ಪ್ರಯಾಣಿಕನಿಗೆ, ಮೊಸಳೆಯ ಬೆನ್ನಿನಂತೆ ಬಿರಿದ ತೊಗಟೆಯುಳ್ಳ ಮತ್ತಿಮರಗಳು ಗುಡ್ಡಗಳ ಮೇಲೆ ಅಲ್ಲಲ್ಲಿ ಕಾಣಸಿಗುತ್ತವೆ. ಈ ಮರದ ಎಲೆಯನ್ನುಂಡು ಬೆಳೆಯುವ ಒಂದು ನಿಶಾಚರ ಜೀವಿಯ ಪರಿಚಯವೇ ಪ್ರಸ್ತುತ ಲೇಖನದ ಉದ್ದೇಶ. ಅದುವೇ ಟಸರ್ ಪತಂಗ. 1758ರಲ್ಲಿ ಲಿನೇಯಸ್ ಮಹಾಶಯನು ಇದನ್ನು ವರ್ಣಿಸಿದನು. ಇಂದು ವಿಜ್ಞಾನಿಗಳು ಆಂಥೆರಿಯ ಪಾಫಿಯ ಎನ್ನುತ್ತಾರೆ.

ಈ ಕುಲದ ಹಲವು ಬಂಧುಗಳು ಓಕ್ ಮರವನ್ನು ಆಶ್ರಯಿಸಿದವು. ಚೀನ ಮತ್ತು ಜಪಾನಿನ ಓಕ್ ವನಗಳಲ್ಲಿಯೂ, ನಮ್ಮ ಹಿಮಾಲಯ ಹಾಗೂ ಮಣಿಪುರದ ಬೆಟ್ಟಗಳಲ್ಲಿಯೂ ಅವುಗಳಿಂದ ರೇಷ್ಮೆ ದೊರೆಯುತ್ತದೆ. ಸಹ್ಯಾದ್ರಿಯಲ್ಲಿ ಓಕ್ ಸಹಜವಾಗಿ ಬೆಳೆಯದು. ಆ ಸ್ಥಾನವನ್ನು ಇಲ್ಲಿ ಮತ್ತಿ, ಹೊಳೆಮತ್ತಿ, ಬೋರೆ ಮೊದಲಾದ ಮರಗಳು ತುಂಬಿವೆ.

ರೆಕ್ಕೆ ಬಿಚ್ಚಿದರೆ ಅಂಗೈಯನ್ನು ಮೀರುವ ಈ ಪತಂಗದ ಹೆಣ್ಣು ಹಳದಿ ಛಾಯೆಯದು, ಗಂಡು ಸಾಮಾನ್ಯವಾಗಿ ಕೆಂಗಂದು. ನಾಲ್ಕು ರೆಕ್ಕೆಗಳಲ್ಲಿಯೂ ಕಣ್ಣಿನಂಥ ಒಂದೊಂದು ಬೊಟ್ಟು. ಅದರ ನಡುವೆ ಗಾಜಿನಂತೆ ಪಾರದರ್ಶಕವಾದ ಕಿಂಡಿ. ಆಶ್ಚರ್ಯವೆಂದರೆ ಇಷ್ಟು ಅಲಂಕಾರವುಳ್ಳ ಜೀವಿಗೆ ಉಣ್ಣುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬೇ ಅದರ ಬುತ್ತಿ. ಕೆಲವೇ ದಿನಗಳ ಬಾಳಿನಲ್ಲಿ ಗಂಡು ತನ್ನ ಗರಿಯಂಥ ಮೀಸೆಗಳಿಂದ ಹೆಣ್ಣಿನ ಗಂಧವನ್ನು ಕತ್ತಲೆಯಲ್ಲಿ ಅರಸಿ ಬರಬೇಕು, ಹೆಣ್ಣು ಮೊಟ್ಟೆಯಿಡಬೇಕು.

ಹಸುರು ಹುಳುವು ನಾಲ್ಕು ಸಲ ಪೊರೆ ಕಳಚಿ, ಕೊನೆಗೆ ಗೂಡು ಕಟ್ಟುತ್ತದೆ. ಮೊದಲು ಕೊಂಬೆಗೊಂದು ರೇಷ್ಮೆಯ ಉಂಗುರವನ್ನು ಸುತ್ತಿ, ಅಲ್ಲಿಂದ ಗಟ್ಟಿಯಾದ ತೊಟ್ಟನ್ನು ಇಳಿಸಿ, ಅದರ ತುದಿಯಲ್ಲಿ ಮೊಟ್ಟೆಯಾಕಾರದ ಗೂಡನ್ನು ತೂಗುಬಿಡುತ್ತದೆ. ಎಲೆ ಉದುರಿದರೂ ಗೂಡು ಉದುರುವುದಿಲ್ಲ! ಬೇಸಗೆಯ ಒಣಹವೆಯನ್ನು ಕೋಶವು ಅದರೊಳಗೇ ನಿದ್ರಿಸಿ ಕಳೆಯುತ್ತದೆ. ಬಳಿಕ ಪತಂಗವು ತನ್ನದೇ ದ್ರವದಿಂದ ಗೂಡಿನ ತುದಿಯನ್ನು ಮೆದುವಾಗಿಸಿ ಹೊರಬರುತ್ತದೆ.

ಹಟ್ಟಿಗೂ ಗೊಬ್ಬರಕ್ಕೂ ಸೊಪ್ಪು ಕಡಿಯುವಾಗ ಇಂಥ ಗೂಡುಗಳು ಕೊಂಬೆಯೊಡನೆ ನೆಲಕ್ಕೆ ಬೀಳುವುದುಂಟು. ಬಾಲ್ಯದಲ್ಲಿ ನಾನೂ ಒಂದನ್ನು ತಂದು ಕುತೂಹಲದಿಂದ ತಗಡಿನ ಡಬ್ಬಿಯಲ್ಲಿಟ್ಟಿದ್ದೆ. ಕೆಲವು ವಾರಗಳ ಮೇಲೆ ಮುಚ್ಚಳ ತೆರೆದಾಗ ಪತಂಗವು ಜೀವದಿಂದಿತ್ತು, ಆದರೆ ರೆಕ್ಕೆಗಳು ಮುದುಡಿ ಒಣಗಿದ್ದವು. ಹೊರಬಂದೊಡನೆ ಅದು ಒರಟಾದ ಆಸರೆಯನ್ನು ಹಿಡಿದು ಜೋತಾಡಬೇಕು. ಆಗಲೇ ದೇಹದ ದ್ರವವು ರೆಕ್ಕೆಯ ನಾಳಗಳಿಗೆ ಹರಿದು ಅವು ಬಿಚ್ಚಿಕೊಳ್ಳುವುವು. ನುಣುಪಾದ ತಗಡಿನಲ್ಲಿ ಅದಕ್ಕೆ ಹಿಡಿತವೆಲ್ಲಿ? ಆ ಅವಕಾಶ ತಪ್ಪಿದರೆ ಮತ್ತೆ ಸರಿಪಡಿಸಲಾಗದು. ಈ ಅಪರಾಧ ನನ್ನದೇ.

ಆದುದರಿಂದ ವಿದ್ಯಾರ್ಥಿಗಳು ಬಿದ್ದ ಗೂಡನ್ನು ಕಂಡರೆ ಕೊಂಬೆಸಹಿತ ಎತ್ತಿ, ನೆರಳಿರುವ ಮರಕ್ಕೆ ಮೊದಲಿನಂತೆಯೇ ಜೋತುಬೀಳುವಂತೆ ಕಟ್ಟಬೇಕು. ಕೈಯಲ್ಲಿ ಹಿಡಿದಾಗ ಭಾರವೆನಿಸಿದರೆ ಒಳಗೆ ಕೋಶವಿರುವ ಸಂಭವವುಂಟು. ಹಗುರಾಗಿ, ತುದಿಯಲ್ಲಿ ದುಂಡನೆಯ ತೂತಿದ್ದರೆ ಪತಂಗವು ಆಗಲೇ ಹಾರಿಹೋಗಿದೆ. ಅಂಥದನ್ನು ಶಾಲೆಗೆ ತರಲು ಅಡ್ಡಿಯಿಲ್ಲ.