ಕಡಲಕಳೆಯ ಮಾತ್ರೆ: ಯಾರಿಗೆ ಹಿತ, ಯಾರಿಗೆ ಅಹಿತ?

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಕಂಪ್ಯೂಟರ್ ಮುಂದೆ ಕುಳಿತು ಹೊಟ್ಟೆ ಹೊರೆಯುವವನು. ಆದರೂ ಈ ವಿಷಯವನ್ನು ಕೂತು ಓದಬೇಕಾಗಿ ಬಂತು. ಊರಿನಿಂದ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದ ಅತ್ತೆಯವರಿಗೆ ಪರಿಚಯದವರೊಬ್ಬರು ಪ್ರೀತಿಯಿಂದ ಒಂದು ಬಾಟಲಿ ಕೊಟ್ಟರು. ಅದರಲ್ಲಿದ್ದದ್ದು ಕೆಲ್ಪ್ ಎಂಬ ಕಡಲಕಳೆಯ ಮಾತ್ರೆ. "ಥೈರಾಯ್ಡ್‌ಗೆ ತುಂಬಾ ಒಳ್ಳೇದಂತೆ. ಸಮುದ್ರದ ಸೊಪ್ಪು ತಾನೇ, ಏನಾಗತ್ತೆ?" ಅತ್ತೆಯವರು ಹನ್ನೆರಡು ವರ್ಷಗಳಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು. ಒಂದು ತಿಂಗಳು ಇದನ್ನೂ ನುಂಗಿದರು.

ಕಡಲಕಳೆ ನಮಗೆ ತೀರ ಅಪರಿಚಿತವೇನಲ್ಲ. ಪುಡ್ಡಿಂಗ್ ಗಟ್ಟಿಯಾಗಲೆಂದು ಹಾಕುವ ಚೈನಾ ಗ್ರಾಸ್ ಕೂಡ ಕಡಲಕಳೆಯಿಂದಲೇ ಬರುವುದು. ಆದರೆ ತಣ್ಣನೆಯ ಕಡಲಿನಲ್ಲಿ ಬೆಳೆಯುವ ಕಂದುಬಣ್ಣದ ಕೆಲ್ಪ್‌ಗೆ ಒಂದು ವಿಶೇಷ ಗುಣವಿದೆ: ನೀರಿನಲ್ಲಿರುವ ಅಯೋಡಿನ್ ಅನ್ನು ಹೀರಿ ಕೂಡಿಟ್ಟುಕೊಳ್ಳುತ್ತದೆ. 1811ರಲ್ಲಿ ಬರ್ನಾರ್ಡ್ ಕೂರ್ಟ್ವಾ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಅಯೋಡಿನ್ ಕಂಡುಹಿಡಿದದ್ದೇ ಕಡಲಕಳೆಯ ಬೂದಿಯಲ್ಲಿ.

ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕೇ ಬೇಕು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 220, ಹಾಲೂಡಿಸುವ ತಾಯಂದಿರಿಗೆ 290 ಎಂದು ಅಮೆರಿಕದ ಶಿಫಾರಸು. ಕಡಿಮೆಯಾದರೆ ಗಳಗಂಡ ಬರಬಹುದು. ಗರ್ಭದಲ್ಲಿರುವ ಮಗುವಿನ ಮೆದುಳಿನ ಬೆಳವಣಿಗೆಗೂ ಪೆಟ್ಟು. ಅದಕ್ಕೇ 1924ರಲ್ಲಿ ಮಿಶಿಗನ್‌ನಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಅಂಗಡಿಗೆ ಬಂತು. ಆರೋಗ್ಯಕ್ಕೆ ಒಳ್ಳೆಯದೆಂದು ಸೈಂಧವ ಲವಣಕ್ಕೆ ಬದಲಾಯಿಸಿಕೊಂಡು, ಹಾಲು, ಮೊಸರು, ಮೀನು, ಮೊಟ್ಟೆ ಎಲ್ಲವನ್ನೂ ಬಿಟ್ಟವರಿಗೆ ಅಯೋಡಿನ್ ಕೊರತೆಯಾಗುವ ಸಾಧ್ಯತೆ ಉಂಟು. ಅಂಥವರು ವೈದ್ಯರನ್ನು ಕೇಳಬೇಕು.

ಇನ್ನು ನಮ್ಮ ಬಾಟಲಿಯ ಲೆಕ್ಕ. ಒಂದು ಮಾತ್ರೆಯಲ್ಲಿ 325 ಮೈಕ್ರೋಗ್ರಾಂ, ದಿನಕ್ಕೆ ಎರಡು: ಅಂದರೆ 650. ಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು! ಅಮೆರಿಕದ ಗರಿಷ್ಠ ಮಿತಿ 1,100, ಯೂರೋಪಿನದು 600. ಆದರೆ ಈ ಮಿತಿಗಳು ಆರೋಗ್ಯವಂತರಿಗೆ. ಥೈರಾಯ್ಡ್ ತೊಂದರೆ ಇರುವವರಲ್ಲಿ ಇಷ್ಟು ಅಯೋಡಿನ್ ಗ್ರಂಥಿಯ ಕೆಲಸವನ್ನು ಇನ್ನೂ ಕುಂಠಿತಗೊಳಿಸಬಹುದು, ಕೆಲವರಲ್ಲಿ ಅತಿಯಾಗಿಸಲೂಬಹುದು. ಸಾಲದ್ದಕ್ಕೆ ಕೆಲ್ಪ್‌ನಲ್ಲಿ ಅಯೋಡಿನ್ ಪ್ರಮಾಣ ಒಂದೇ ಸಮನಾಗಿರುವುದಿಲ್ಲ. ಇಂಥ ಪೂರಕಗಳ ಗುಣವನ್ನು ಮಾರುವ ಮೊದಲೇ ಸಾಬೀತುಪಡಿಸಬೇಕೆಂಬ ನಿಯಮ 1994ರ ಅಮೆರಿಕದ ಕಾಯಿದೆಯಲ್ಲಿಲ್ಲ.

ಕೆಲ್ಪ್‌ನಲ್ಲಿರುವ ಫುಕಾಯ್ಡನ್ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬ ಪ್ರಚಾರವೂ ಇದೆ. ಆ ಆಸೆ ಹುಟ್ಟಿಸಿದ ಪ್ರಯೋಗಗಳು ಬಹುಪಾಲು ಪ್ರಯೋಗಾಲಯದ ಜೀವಕೋಶಗಳ ಮೇಲೆ, ಇಲಿಗಳ ಮೇಲೆ ನಡೆದವು. ಅದಕ್ಕೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣವೂ ಇರುವುದರಿಂದ ವಾರ್ಫರಿನ್ ತೆಗೆದುಕೊಳ್ಳುವವರು ದೂರವಿರುವುದು ಲೇಸು.

ಸಸ್ಯಾಹಾರಿಗಳಿಗೆ ನಿಜಕ್ಕೂ ಉಪಯುಕ್ತವಾದದ್ದು ಬೇರೆಯೇ ಇದೆ: ಸೂಕ್ಷ್ಮ ಪಾಚಿಯಿಂದ ತೆಗೆದ ಎಣ್ಣೆ. ಮೀನೆಣ್ಣೆಯಲ್ಲಿರುವ ಡಿಎಚ್‌ಎ ಎಂಬ ಒಮೇಗಾ-3 ಕೊಬ್ಬು ಮೀನಿಗೂ ಬರುವುದು ಮೂಲತಃ ಪಾಚಿಯಿಂದಲೇ. ಬಿ-12ಕ್ಕೆ ಮಾತ್ರ ಪಾಚಿಯನ್ನು ನಂಬಬೇಡಿ. ಸ್ಪಿರುಲಿನಾದಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಒದಗದ ಹುಸಿ ಬಿ-12.

ಅತ್ತೆಯವರ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿತ್ತು. ವೈದ್ಯರು ಕೆಲ್ಪ್ ನಿಲ್ಲಿಸಿದರು. ಆರು ವಾರಗಳ ನಂತರ ಅದು ಮೊದಲಿನ ಮಟ್ಟಕ್ಕೆ ಇಳಿಯಿತು. ಹಳೆಯ ಕಾಯಿಲೆ ಎಂದು ಪ್ರವಾಸಿ ವಿಮೆಯವರು ಕಾಸೂ ಕೊಡಲಿಲ್ಲ. ಅತ್ತೆಯವರಿಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು: "ಪಾಪ, ಪ್ರೀತಿಯಿಂದ ಕೊಟ್ಟಿದ್ರು. ಬಿಟ್ಟೆ ಅಂತ ಹೇಳ್ಬೇಡಿ ಅಳಿಯಂದ್ರೇ."