ಗಾಯ ಮಾಯುವವರೆಗಿನ ಕೂಲಿ

ನಮ್ಮ ಜತ್ತ ಭಾಗದಲ್ಲಿ ರಾಶಿ ಯಂತ್ರದಲ್ಲಿ ಆಳಿನ ಕೈಗೆ ಪೆಟ್ಟಾದರೆ ಔಷಧದ ದುಡ್ಡು ಕೊಟ್ಟು ಸುಮ್ಮನಾಗುತ್ತೇವೆ. ಆರು ವಾರ ಭಾರ ಎತ್ತಬೇಡ ಎಂದು ಡಾಕ್ಟರರು ಹೇಳಿದರೆ ಆ ಮನೆಯ ಒಲೆ ಉರಿಯುವುದು ಹೇಗೆ?

ಟ್ರ್ಯಾಕ್ಟರು, ಯಂತ್ರಗಳ ಬೇಸಾಯದಲ್ಲಿ ದುಡಿಯುವವರಿಗೆ 1923ರ ಕಾಯ್ದೆಯಲ್ಲಿದ್ದ ಪರಿಹಾರದ ಹಕ್ಕು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಚಿಕಿತ್ಸೆಯ ಖರ್ಚಲ್ಲದೆ, ತಿಂಗಳ ಕೂಲಿಯ ಶೇ. 25ರಷ್ಟನ್ನು ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಎಂದರೆ ತಿಂಗಳಿಗೆ ಅರ್ಧ ಕೂಲಿ. ಮೊದಲ 3 ದಿನ ಲೆಕ್ಕಕ್ಕಿಲ್ಲ. 28 ದಿನ ಅಥವಾ ಹೆಚ್ಚಾದರೆ ಅವೂ ಸೇರುತ್ತವೆ. ಹಗುರ ಕೆಲಸಕ್ಕೆ ಹಚ್ಚಿ ಕೂಲಿ ಇಳಿಸಿದರೆ, ಇಳಿದಷ್ಟನ್ನು ಈ ಮಿತಿಯೊಳಗೆ ತುಂಬಿಕೊಡಬೇಕು.

ನಮ್ಮಲ್ಲಿ ಬಹುಮಂದಿ ಒಂದು ಸುಗ್ಗಿಗೆ ಮಾಲಕರು, ಇನ್ನೊಂದಕ್ಕೆ ಕೂಲಿಗಳು. ಇಬ್ಬರೂ ಇದನ್ನು ತಿಳಿದಿರಬೇಕು. ಯಾವ ಕೆಲಸ, ಎಷ್ಟು ದಿನ ಬೇಡವೆಂದು ಡಾಕ್ಟರರಿಂದ ತಾರೀಖು ಹಾಕಿ ಬರೆಸಿಕೊಳ್ಳಿ. ಪೆಟ್ಟಾದ ಸುದ್ದಿಯನ್ನು ಮಾಲಕರಿಗೆ ತಡಮಾಡದೆ ಬರೆದು ಮುಟ್ಟಿಸಿ.